ಕಿಕ್ ಎಲ್ಲಿ ಬೀಳುತ್ತೆ? ಡ್ರಮ್ಸ್ ಕಲಿಯುವವರಿಗೆ ಹೊಸ ಸಂಗೀತ ಸಿಗುವ ಬಗೆ

ಡ್ರಮ್ಸ್ ಕಲಿಯಲು ಸೇರಿದಾಗ ನನಗೆ 43. ಮೇಷ್ಟ್ರು ನನಗಿಂತ ಹದಿನೈದು ವರ್ಷ ಚಿಕ್ಕವರು. ಮೂರನೇ ಪಾಠದಲ್ಲಿ ಅವರು ಒಂದು ಪ್ರಶ್ನೆ ಕೇಳಿದರು.

"ಸರ್, ನಿಮಗೆ ತುಂಬಾ ಇಷ್ಟದ ಹಾಡು ಯಾವುದು?"

ಹೇಳಿದೆ. ಇಪ್ಪತ್ತು ವರ್ಷದಿಂದ ಕೇಳುತ್ತಾ ಬಂದ ಹಾಡು.

"ಸರಿ. ಅದರಲ್ಲಿ ಕಿಕ್ ಎಲ್ಲೆಲ್ಲಿ ಬೀಳುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹಾಡಿನ ಸಾಲುಗಳೆಲ್ಲ ಬಾಯಿಪಾಠ. ಗಿಟಾರ್ ಸೋಲೋವನ್ನು ಬಾಯಲ್ಲೇ ನುಡಿಸಿ ತೋರಿಸಬಲ್ಲೆ. ಆದರೆ ಕಾಲಿನಿಂದ ಪೆಡಲ್ ಒತ್ತಿ ಬಾರಿಸುವ ಆ ದೊಡ್ಡ ಡ್ರಮ್, ಅದೇ ಕಿಕ್, ಹಾಡಿನಲ್ಲಿ ಎಲ್ಲಿದೆ ಅಂತ ಕೇಳಿದರೆ ಏನೂ ತೋಚಲಿಲ್ಲ. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹಾಡು ಅದೇ. ಆದರೆ ಅದರ ಕೆಳಗೆ ಇನ್ನೊಂದು ಹಾಡು ನಡೆಯುತ್ತಿತ್ತು, ಇಷ್ಟು ವರ್ಷ ನಾನು ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ದೊಡ್ಡವರಾದ ಮೇಲೆ ವಾದ್ಯ ಹಿಡಿದವರಿಗೆಲ್ಲ ಒಂದು ಚಿಂತೆ ಇರುತ್ತದೆ. ಕೇಳುವ ಹಾಡುಗಳೆಲ್ಲ ಹಳೆಯವು, ಹೊಸದು ಎಲ್ಲಿಂದ ತರುವುದು? ಹರೆಯದಲ್ಲಿ ಹುಡುಕಬೇಕಾಗಿರಲಿಲ್ಲ. ಸ್ನೇಹಿತರು ಕೇಳು ಕೇಳು ಅಂತ ಕಿವಿಗೆ ತುರುಕುತ್ತಿದ್ದರು. ಈಗ ಹಾಗೆ ತುರುಕುವವರಿಲ್ಲ, ಹುಡುಕುತ್ತಾ ಕೂರಲು ಪುರುಸೊತ್ತೂ ಇಲ್ಲ. ಡ್ರಮ್ಸ್ ಕಲಿಯುವವರಿಗೆ ಇಲ್ಲೊಂದು ಅನುಕೂಲ ಇದೆ. ಹೊಸ ಗಾಯಕರನ್ನು, ಹೊಸ ಶೈಲಿಯನ್ನು ಹುಡುಕುತ್ತಾ ಅಲೆಯಬೇಕಿಲ್ಲ. ಕೈಕಾಲು ಈಗ ಯಾವ ಬೀಟ್ ಜೊತೆ ಗುದ್ದಾಡುತ್ತಿದೆಯೋ ಅದರ ಬಾಲ ಹಿಡಿದು ಹೋದರೆ ಸಾಕು. ಅದು ಹೇಗೆ ಅಂತ ವಿವರಿಸುತ್ತೇನೆ.

ಮೊದಲು, ಕಿಕ್ ಇಷ್ಟು ದಿನ ಯಾಕೆ ಕೇಳಿಸಲಿಲ್ಲ? ಹಾಡಿನಲ್ಲಿ ಮನುಷ್ಯನ ದನಿ ಇದ್ದರೆ ನಮ್ಮ ಕಿವಿ ಮೊದಲು ಅಲ್ಲಿಗೇ ಓಡುತ್ತದೆ. ಮಾತು ಅರ್ಥವಾಗುವ ಹಾಗಿದ್ದರಂತೂ ಮುಗಿದೇ ಹೋಯಿತು, ಉಳಿದದ್ದೆಲ್ಲ ಹಿನ್ನೆಲೆಗೆ ಸರಿಯುತ್ತದೆ. ಇದು ಒಂದು ಕಾರಣ. ಇನ್ನೊಂದು ಕಾರಣ ಜೇಬಿನಲ್ಲೇ ಇದೆ. ಕಿಕ್ ಡ್ರಮ್ಮಿನ ಭಾರವೆಲ್ಲ ಹೆಚ್ಚುಕಡಿಮೆ 50ರಿಂದ 100 ಹರ್ಟ್ಸ್ ನಡುವಿನ ತಗ್ಗು ದನಿಯಲ್ಲಿರುತ್ತದೆ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ತಗ್ಗಿಗೆ ಇಳಿಯಲು ಆಗುವುದಿಲ್ಲ. "ಧೂಂ" ಅನ್ನುವುದು ಅಲ್ಲಿ "ಟಪ್" ಆಗುತ್ತದೆ. ಫೋನ್ ಸ್ಪೀಕರಿನಲ್ಲಿ ಕೇಳಿ ಬೀಟ್ ಕಲಿಯುತ್ತೇನೆ ಅನ್ನುವವರು ಸುಮ್ನೆ ತಮಗೇ ಕಷ್ಟ ಕೊಟ್ಟುಕೊಳ್ಳುತ್ತಾರೆ. ದುಬಾರಿ ಸಾಮಾನೇನೂ ಬೇಡ. ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಸಾಧಾರಣ ಹೆಡ್‌ಫೋನ್ ಸಾಕು.

ಈಗ ಕೇಳುವ ಕ್ರಮ. ಒಂದು ಹಾಡನ್ನು ಬೆನ್ನುಬೆನ್ನಿಗೆ ಮೂರು ನಾಲ್ಕು ಸಲ ಕೇಳಿ, ಒಂದೊಂದು ಸಲ ಒಂದೊಂದಕ್ಕೆ ಮಾತ್ರ ಕಿವಿ ಕೊಡಿ. ಮೊದಲ ಸಲ ಕಿಕ್. ಎರಡನೇ ಸಲ ಸ್ನೇರ್, ಅಂದರೆ ಎರಡು ಮೊಣಕಾಲ ನಡುವೆ ಇರುವ, "ಛಟ್" ಅನ್ನುವ ಡ್ರಮ್. ಮೂರನೇ ಸಲ ಹೈ-ಹ್ಯಾಟ್, ಒಂದರ ಮೇಲೊಂದು ಮಗುಚಿಟ್ಟ ಜೋಡಿ ತಟ್ಟೆ. ಆಮೇಲೆ ಎಲ್ಲವನ್ನೂ ಸೇರಿಸಿ ಕೇಳಿ. ಮೊದಲ ವಾರ ತಲೆ ಚಿಟ್ಟು ಹಿಡಿಯುತ್ತದೆ. ಗಾಯಕರು ಬಾಯಿ ತೆರೆದ ಕೂಡಲೇ ಕಿವಿ ಅವರ ಹಿಂದೆ ಹೊರಟುಬಿಡುತ್ತದೆ. ಎಳೆದು ತರಬೇಕು.

ಅಭ್ಯಾಸಕ್ಕೆ ನನಗೆ ಸಿಕ್ಕ ಮೊದಲ ಹಾಡು ಮೈಕೆಲ್ ಜಾಕ್ಸನ್ ಅವರ "ಬಿಲ್ಲಿ ಜೀನ್". 1982ರ "ಥ್ರಿಲ್ಲರ್" ಆಲ್ಬಮ್ಮಿನದು. ಯಾಕೆ ಇದೇ ಹಾಡು ಅಂದರೆ, ಶುರುವಿನಲ್ಲಿ ಡ್ರಮ್ಸ್ ಬಿಟ್ಟು ಬೇರೇನೂ ಇಲ್ಲ. ಬೇಸ್ ಗಿಟಾರ್ ಬರುವುದು ಆಮೇಲೆ. ಆ ಕೆಲವು ಸೆಕೆಂಡಿನಲ್ಲಿ ಜಗತ್ತಿನ ಅತಿ ಸಾಮಾನ್ಯ ಬೀಟ್ ಬೆತ್ತಲೆಯಾಗಿ ನಿಂತಿರುತ್ತದೆ. ನಾಲ್ಕು ಎಣಿಸಿ. ಒಂದು ಮತ್ತು ಮೂರರಲ್ಲಿ ಕಿಕ್, ಎರಡು ಮತ್ತು ನಾಲ್ಕರಲ್ಲಿ ಸ್ನೇರ್. ಬಲಗೈ ಹೈ-ಹ್ಯಾಟ್ ಮೇಲೆ ಪ್ರತಿ ಎಣಿಕೆಗೆ ಎರಡು ಪೆಟ್ಟಿನಂತೆ ಒಟ್ಟು ಎಂಟು. ಅಷ್ಟೇ. ಇದನ್ನು ಕಲಿಯಲು ಒಂದು ವಾರ ಬೇಕು. ಅದೇ ಬೀಟನ್ನು ನಾಲ್ಕು ನಿಮಿಷ ಅಲುಗಾಡದೆ ಬಾರಿಸುವುದು ನನಗೆ ಇನ್ನೂ ಬಂದಿಲ್ಲ.

ಹಾಡಿನ ವೇಗ ನಿಮಿಷಕ್ಕೆ ಸುಮಾರು 117 ಬೀಟ್. ಅದನ್ನು ಹಾಡಿನ ವೇಗ ಬದಲಿಸುವ ಆ್ಯಪ್‌ನಲ್ಲಿ ಶೇಕಡ 70ಕ್ಕೆ ಇಳಿಸಿದರೆ 82 ಆಗುತ್ತದೆ. ವೇಗ ಇಳಿಸಿದರೆ ಸುಲಭವಾಗುತ್ತೆ ಅಂದುಕೊಂಡಿದ್ದೆ. ಸುಲಭವಾಗುವುದು ಕೈಗೆ ಮಾತ್ರ. 60ರ ವೇಗದಲ್ಲಿ ಒಂದು ಬೀಟಿನಿಂದ ಇನ್ನೊಂದಕ್ಕೆ ಪೂರ್ತಿ ಒಂದು ಸೆಕೆಂಡ್ ಬಿಡುವು. ಆ ಒಂದು ಸೆಕೆಂಡಿನಲ್ಲಿ ತಪ್ಪಲು ಎಷ್ಟು ಜಾಗ ಇದೆ ಅಂತ ಬಾರಿಸಿದವರಿಗೇ ಗೊತ್ತು. ನಿಧಾನದ ಹಾಡುಗಳ ಮೇಲೆ ನನಗೆ ಗೌರವ ಹುಟ್ಟಿದ್ದು ಹೀಗೆ. ಮೊದಲು ಅವು ಬಂದರೆ ಮುಂದಿನ ಹಾಡಿಗೆ ಹಾರುತ್ತಿದ್ದೆ.

ಎರಡು-ನಾಲ್ಕರ ಮೇಲೆ ಬೀಳುವ ಸ್ನೇರ್ ಪೆಟ್ಟಿಗೆ ಬ್ಯಾಕ್‌ಬೀಟ್ ಅಂತ ಹೆಸರು. ಒಮ್ಮೆ ಕಿವಿಗೆ ಹತ್ತಿದರೆ ಎಲ್ಲಿ ಹೋದರೂ ಅದೇ. ಹಿಂದಕ್ಕೆ ಹೋಗುತ್ತಾ ಹೋದರೆ 1949ರಲ್ಲಿ ರೆಕಾರ್ಡ್ ಆದ, ಫ್ಯಾಟ್ಸ್ ಡಾಮಿನೊ ಹಾಡಿದ "ದ ಫ್ಯಾಟ್ ಮ್ಯಾನ್" ಸಿಗುತ್ತದೆ. ಅದರಲ್ಲಿ ನ್ಯೂ ಆರ್ಲಿಯನ್ಸಿನ ಅರ್ಲ್ ಪಾಮರ್ ಆ ಪೆಟ್ಟನ್ನು ಹಾಡಿನ ಉದ್ದಕ್ಕೂ ಬಿಡದೆ ಹಿಡಿದಿದ್ದಾರೆ. ನಾನು ಹುಟ್ಟುವ ಎಷ್ಟೋ ಮೊದಲಿನ ಹಾಡು ನನಗೆ ಹೊಸ ಹಾಡಾಯಿತು. ಹೊಸದು ಅಂದರೆ ಮೊನ್ನೆ ಬಿಡುಗಡೆಯಾದದ್ದೇ ಆಗಬೇಕು ಅಂತೇನಿಲ್ಲ, ಅಲ್ವಾ?

ಬೀಟ್ ಒಂದೇ ಆದರೂ ಕೈ ಬೇರೆ ಇರುತ್ತದೆ. ರೋಲಿಂಗ್ ಸ್ಟೋನ್ಸ್ ತಂಡದಲ್ಲಿದ್ದ ಚಾರ್ಲಿ ವಾಟ್ಸ್ ಅವರ ಬಲಗೈ ನೋಡಿ. ಎಲ್ಲರೂ ಹೈ-ಹ್ಯಾಟ್ ಮೇಲೆ ಎಂಟೂ ಪೆಟ್ಟು ಹಾಕುವ ಕಡೆ, ಅವರು ಸ್ನೇರ್ ಬಾರಿಸುವ ಹೊತ್ತಿಗೆ ಬಲಗೈಯನ್ನು ಮೇಲಕ್ಕೆತ್ತಿಬಿಡುತ್ತಿದ್ದರು. ಆ ಕ್ಷಣ ತಟ್ಟೆ ಮೌನ. ಸ್ನೇರ್ ಒಂದೇ ಕೇಳಿಸುತ್ತದೆ, ಇನ್ನಷ್ಟು ಖಡಕ್ಕಾಗಿ. ಮೊದಲು ವಿಡಿಯೋದಲ್ಲಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಕೇಳಿ. ಆ ಖಾಲಿ ಜಾಗ ಕಿವಿಗೆ ಸಿಕ್ಕ ದಿನ ಅವರ ತಂಡದ ಹಾಡುಗಳನ್ನೆಲ್ಲ ಮತ್ತೆ ಮೊದಲಿನಿಂದ ಕೇಳಬೇಕು ಅನ್ನಿಸುತ್ತದೆ. ನಾನು ಕೇಳಿದೆ. ಒಂದು ತಿಂಗಳು ಹಿಡಿಯಿತು.

ಈಗ ದಾರಿಗಳಿಗೆ ಬರೋಣ. ನನಗೆ ಅತಿ ಹೆಚ್ಚು ಕೊಟ್ಟ ದಾರಿ ಇದು: ಗಾಯಕರನ್ನು ಬಿಟ್ಟು ಡ್ರಮ್ಮರ್ ಹಿಂದೆ ಹೋಗುವುದು. ಹಾಡುಗಾರರು ಸಾಮಾನ್ಯವಾಗಿ ತಮ್ಮ ಶೈಲಿಯಲ್ಲೇ ಇರುತ್ತಾರೆ. ಸ್ಟುಡಿಯೋದಲ್ಲಿ ಬಾರಿಸುವ ಡ್ರಮ್ಮರ್ ಹಾಗಲ್ಲ. ಇವತ್ತು ಪಾಪ್, ನಾಳೆ ಜಾಝ್, ನಾಡಿದ್ದು ಯಾವುದೋ ಸಿನಿಮಾ. ಆಲ್ಬಮ್ಮಿನ ಕ್ರೆಡಿಟ್ ಪಟ್ಟಿಯಲ್ಲಿ ಅವರ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿದರೆ ಸಿಗುತ್ತದೆ.

"ಬಿಲ್ಲಿ ಜೀನ್" ಬಾರಿಸಿದವರು ಲಿಯಾನ್ ಎನ್‌ಡೂಗು ಚಾನ್ಸ್‌ಲರ್. ಈ ಹೆಸರು ನನಗೆ ಗೊತ್ತಿರಲಿಲ್ಲ. ಹುಡುಕಿದೆ. ವೆದರ್ ರಿಪೋರ್ಟ್ ಅನ್ನುವ ಜಾಝ್-ಫ್ಯೂಷನ್ ತಂಡದ "ಟೇಲ್ ಸ್ಪಿನ್ನಿನ್", 1975ರ ಆಲ್ಬಮ್, ಅದರಲ್ಲೂ ಇದೇ ಮನುಷ್ಯ. ಹಾಕಿದೆ. ಒಂದು-ಮೂರು ಕಿಕ್, ಎರಡು-ನಾಲ್ಕು ಸ್ನೇರ್ ಅಂತ ಎಣಿಸಲು ಹೋದವನು ಹತ್ತೇ ಸೆಕೆಂಡಿನಲ್ಲಿ ದಾರಿ ತಪ್ಪಿದೆ. ತಟ್ಟೆಗಳು ಎಲ್ಲೆಲ್ಲೋ ಮಾತಾಡುತ್ತಿವೆ, ಸ್ನೇರ್ ಹೇಳಿಕೇಳಿ ಬರುತ್ತಿಲ್ಲ. ಇಂಥವರು "ಬಿಲ್ಲಿ ಜೀನ್"ಗೆ ಬಂದಾಗ ಹಾಡಿನ ಉದ್ದಕ್ಕೂ ಅಷ್ಟು ಸರಳವಾಗಿ ಕೂತಿದ್ದಾರೆ. ಕೈಗೆ ಬಾರದೆ ಸರಳವಾದದ್ದಲ್ಲ, ಬೇಕೆಂದೇ ಸರಳ. ಇದು ಅರ್ಥವಾದ ಮೇಲೆ ಮೊದಲಿನ ಹಾಡೂ ಬೇರೆ ಥರ ಕೇಳಿಸತೊಡಗಿತು. ಜಾಝ್ ನನಗಲ್ಲ ಅಂತ 43 ವರ್ಷ ನಂಬಿಕೊಂಡಿದ್ದವನು ನಾನು. ಒಂದು ಹೆಸರು ಹಿಡಿದು ಒಳಗೆ ಬಂದುಬಿಟ್ಟೆ.

ಹಾಲ್ ಬ್ಲೇನ್ ಅವರನ್ನೂ ಹೀಗೇ ಹಿಂಬಾಲಿಸಬಹುದು. 1963ರಲ್ಲಿ ರೊನೆಟ್ಸ್ ಹಾಡಿದ "ಬಿ ಮೈ ಬೇಬಿ"ಯ ಶುರುವಿನಲ್ಲಿ "ಧೂಂ, ಧೂಂ-ಧೂಂ, ಛಟ್" ಅಂತ ಒಂದು ಬೀಟ್ ಇದೆ, ಅದು ಅವರದು. ಎರಡನೇ ತಿಂಗಳಿನಲ್ಲಿರುವ ಯಾರು ಬೇಕಾದರೂ ಬಾರಿಸಬಹುದು. ಮುಂದಿನ ದಶಕಗಳಲ್ಲಿ ಎಷ್ಟೋ ತಂಡಗಳು ಅದನ್ನು ಎತ್ತಿಕೊಂಡಿವೆ. ಒಮ್ಮೆ ಗುರುತು ಹತ್ತಿದರೆ, ಬೇರೆ ಹಾಡಿನಲ್ಲಿ ಅದು ಬಂದಾಗ ಹಳೇ ಪರಿಚಯದವರು ಸಿಕ್ಕ ಹಾಗೆ ಆಗುತ್ತದೆ.

ಇದೇ ಎರಡನೇ ದಾರಿ: ವ್ಯಕ್ತಿಯನ್ನಲ್ಲ, ಬೀಟನ್ನೇ ಹಿಂಬಾಲಿಸುವುದು. ಬೀಟುಗಳಿಗೂ ವಂಶಾವಳಿ ಇದೆ. ನನಗೆ ಹುಚ್ಚು ಹಿಡಿಸಿದ್ದು ಹಾಫ್-ಟೈಮ್ ಶಫಲ್. ಹೆಸರು ಕೇಳಿ ಹೆದರಬೇಡಿ, ಕನ್ನಡದ ಕಿವಿಗೆ ಇದನ್ನು ಹೇಳಿಕೊಡುವುದು ಸುಲಭ. ಮೃದಂಗದವರು ಸೊಲ್ಲು ಹೇಳುವುದನ್ನು ಕೇಳಿದ್ದೀರಲ್ಲ? ಒಂದೊಂದು ಎಣಿಕೆಯಲ್ಲೂ "ತಕಿಟ" ಅಂತ ಹೇಳಿ. ಒಂದು ಎಣಿಕೆಯಲ್ಲಿ ಮೂರು ಭಾಗ. ಈಗ ಬಲಗೈ "ತ" ಮತ್ತು "ಟ" ಮಾತ್ರ ಬಾರಿಸಲಿ, ನಡುವಿನ "ಕಿ" ಬಿಡಲಿ. "ತ–ಟ ತ–ಟ ತ–ಟ ತ–ಟ." ಇಷ್ಟಾದರೆ ಅದು ಶಫಲ್, ಕುಂಟುತ್ತಾ ನಲಿಯುವ ನಡಿಗೆ.

ಈಗ ಬಿಟ್ಟ "ಕಿ" ಜಾಗದಲ್ಲಿ ಎಡಗೈ ಸ್ನೇರ್ ಮೇಲೆ ಸ್ಟಿಕ್ಕಿನ ತುದಿಯನ್ನು ಸುಮ್ನೆ ಬಿಡಬೇಕು. ಬಾರಿಸುವುದಲ್ಲ, ಬಿಡುವುದು. ತುದಿ ಒಂದಂಗುಲ ಎತ್ತರದಿಂದ ತಾನೇ ಬೀಳಬೇಕು. ಇದಕ್ಕೆ ಗೋಸ್ಟ್ ನೋಟ್ ಅನ್ನುತ್ತಾರೆ. ಇದ್ದರೆ ಗೊತ್ತಾಗುವುದಿಲ್ಲ, ತೆಗೆದರೆ ಬೀಟ್ ಒಣಗಿಹೋಗುತ್ತದೆ. ಜೋರಾದ ಸ್ನೇರ್ ಪೆಟ್ಟು ನಾಲ್ಕರಲ್ಲಿ ಒಂದೇ ಸಲ, ಮೂರನೇ ಎಣಿಕೆಗೆ. ಎಡಗೈ ಪಿಸುಗುಟ್ಟುತ್ತಾ ಇದ್ದು ಇದ್ದಕ್ಕಿದ್ದಂತೆ ಕೂಗಬೇಕು, ಮರುಕ್ಷಣ ಮತ್ತೆ ಪಿಸುಮಾತು. ನನ್ನ ಎಡಗೈಗೆ ಇನ್ನೂ ಕೂಗುವುದು ಮಾತ್ರ ಬರುತ್ತದೆ.

ಈ ಬೀಟನ್ನು ಬೆಳೆಸಿ ಹೆಸರು ಮಾಡಿದವರು ಬರ್ನಾರ್ಡ್ ಪರ್ಡಿ. ಅವರ ಹೆಸರಿನಿಂದಲೇ ಇದಕ್ಕೆ ಪರ್ಡಿ ಶಫಲ್ ಅನ್ನುವುದೂ ಉಂಟು. ಸ್ಟೀಲಿ ಡ್ಯಾನ್ ತಂಡದ "ಹೋಮ್ ಅಟ್ ಲಾಸ್ಟ್" ಹಾಡಿನಲ್ಲಿ, 1977, ಅವರು ಇದನ್ನು ಬಾರಿಸಿದ್ದಾರೆ. ಅಲ್ಲಿಂದ 1979ಕ್ಕೆ ಬನ್ನಿ. ಲೆಡ್ ಝೆಪ್ಲಿನ್‌ನ "ಫೂಲ್ ಇನ್ ದ ರೇನ್"ನಲ್ಲಿ ಜಾನ್ ಬೋನಮ್ ಇದೇ ಜಾತಿಯ ಬೀಟನ್ನು ತಮ್ಮ ಭಾರವಾದ ಕೈಯಲ್ಲಿ ಹಿಡಿದಿದ್ದಾರೆ. 1982ರಲ್ಲಿ ಟೋಟೊ ತಂಡದ "ರೊಸಾನಾ" ಬಂತು. ಅದರ ಡ್ರಮ್ಮರ್ ಜೆಫ್ ಪೋರ್ಕಾರೊ ತಮ್ಮ ಪಾಠದ ವಿಡಿಯೋದಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ: ಇಷ್ಟು ಪರ್ಡಿಯಿಂದ ತಂದದ್ದು, ಇಷ್ಟು ಬೋನಮ್‌ನಿಂದ, ಕಿಕ್‌ನ ಓಟ ಬೋ ಡಿಡ್ಲಿ ಅವರ ಬೀಟಿನಿಂದ. ಬಿಡಿಬಿಡಿಯಾಗಿ ಬಾರಿಸಿ ತೋರಿಸಿ, ಕೊನೆಗೆ ಸೇರಿಸಿ ತೋರಿಸುತ್ತಾರೆ.

ಒಂದು ವಿಡಿಯೋದಿಂದ ನನಗೆ ಎಷ್ಟು ಸಿಕ್ಕಿತು ನೋಡಿ. ಬೋ ಡಿಡ್ಲಿ ಯಾರು ಅಂತ ಹುಡುಕಿ ಐವತ್ತರ ದಶಕಕ್ಕೆ ಹೋದೆ. "ಫೂಲ್ ಇನ್ ದ ರೇನ್" ನಡುವೆ ಹಾಡು ಇದ್ದಕ್ಕಿದ್ದಂತೆ ಸಾಂಬಾ ಆಗಿಬಿಡುತ್ತದೆ, ಹೀಗಾಗಿ ಬ್ರೆಜಿಲ್ ಕಡೆಗೂ ಒಂದು ಕಿಟಕಿ ತೆರೆಯಿತು. ಸ್ಟೀಲಿ ಡ್ಯಾನ್ ಅಂತೂ ಒಂದು ಊರೇ. ಒಳಗೆ ಹೋದವನು ಇನ್ನೂ ಹೊರಗೆ ಬಂದಿಲ್ಲ. ಎಲ್ಲ ಎಡಗೈಯ ಒಂದು ತೊಂದರೆಯಿಂದ.

ಇನ್ನೊಂದು ವಂಶಾವಳಿ ಇನ್ನೂ ವಿಚಿತ್ರ. 1969ರಲ್ಲಿ ವಿನ್‌ಸ್ಟನ್ಸ್ ಅನ್ನುವ ತಂಡ "ಅಮೆನ್, ಬ್ರದರ್" ಅಂತ ಒಂದು ಹಾಡು ತಂದಿತು. ರೆಕಾರ್ಡಿನ ಮುಖ್ಯ ಹಾಡೂ ಅಲ್ಲ, ಹಿಂಬದಿಯದು. ಅದರ ನಡುವೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಗ್ರೆಗರಿ ಕೋಲ್ಮನ್ ಒಬ್ಬರೇ ನಾಲ್ಕು ಬಾರ್, ಅಂದರೆ ನಾಲ್ಕೆಣಿಕೆಯ ನಾಲ್ಕು ಸುತ್ತು, ಡ್ರಮ್ಸ್ ಬಾರಿಸುತ್ತಾರೆ. ಆರೇಳು ಸೆಕೆಂಡ್. ಎಂಬತ್ತರ ದಶಕದಲ್ಲಿ ಹಿಪ್-ಹಾಪ್‌ನವರು ಆ ತುಣುಕನ್ನು ಕತ್ತರಿಸಿ ತಮ್ಮ ಹಾಡುಗಳಿಗೆ ಅಂಟಿಸಿಕೊಂಡರು. ತೊಂಬತ್ತರಲ್ಲಿ ಬ್ರಿಟನ್ನಿನ ಜಂಗಲ್, ಡ್ರಮ್ ಅಂಡ್ ಬೇಸ್ ಸಂಗೀತದವರು ಅದನ್ನೇ ಓಡಿಸಿ, ಚೂರು ಮಾಡಿ, ಹಿಂದುಮುಂದು ಜೋಡಿಸಿ ಬೇರೆಯೇ ಲೋಕ ಕಟ್ಟಿದರು. ಸಾವಿರಾರು ಹಾಡುಗಳಲ್ಲಿ ಆ ಆರೇಳು ಸೆಕೆಂಡ್ ಇದೆ. ಕೋಲ್ಮನ್ ಅವರಿಗೆ ಅದರಿಂದ ರಾಯಧನ ಬರಲಿಲ್ಲ. ಇದಕ್ಕೆ ಬಾಲವೂ ಇದೆ. ಯಂತ್ರ ಕತ್ತರಿಸಿ ಜೋಡಿಸಿದ್ದನ್ನು ಮತ್ತೆ ಮನುಷ್ಯರು ಕೈಯಲ್ಲಿ ಬಾರಿಸಲು ಕಲಿತರು. ಜೋಜೊ ಮೇಯರ್ ಅವರನ್ನು ನೋಡಿ. ಎಲೆಕ್ಟ್ರಾನಿಕ್ ಸಂಗೀತ ಅಂದರೆ ಮೂಗು ಮುರಿಯುತ್ತಿದ್ದ ನಾನು ಆಮೇಲೆ ಬಾಯಿ ಮುಚ್ಚಿಕೊಂಡೆ.

ಬೆಸ ಎಣಿಕೆಯ ಹಾಡುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕನ್ನೇ ಎಣಿಸಿ ಬೆಳೆದವರು ಅವನ್ನು ಗುಡ್ಡ ಮಾಡಿ ಕೂರಿಸಿದ್ದಾರೆ. ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ "ಟೇಕ್ ಫೈವ್", 1959, ಐದರ ಎಣಿಕೆ. "ತಕಿಟ ತಕ, ತಕಿಟ ತಕ" ಅಂತ ಹೇಳಿಕೊಂಡು ಕೇಳಿ, ಎರಡನೇ ಸಾಲಿಗೇ ಹಿಡಿತ ಸಿಗುತ್ತದೆ. ಪಿಂಕ್ ಫ್ಲಾಯ್ಡ್‌ನ "ಮನಿ", 1973, ಏಳರಲ್ಲಿ ಸಾಗುತ್ತದೆ, ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ತಿರುಗುತ್ತದೆ. ಖಂಡಚಾಪು, ಮಿಶ್ರಚಾಪು ಕೇಳಿದ ಕಿವಿಗೆ ಐದೂ ಏಳೂ ಹೊಸ ಸಂಖ್ಯೆಗಳಲ್ಲ.

ಹಾಗಾದರೆ ಹಾಡು ಕೇಳಿಸುವ ಆ್ಯಪ್ ತಾನೇ ಸೂಚಿಸುವ ಹಾಡುಗಳು ಸಾಲದೇ? ಅದರ ಲೆಕ್ಕಾಚಾರದ ದೊಡ್ಡ ಭಾಗ ಇಷ್ಟು: ಈ ಹಾಡು ಕೇಳಿದವರು ಇನ್ಯಾವುದನ್ನು ಕೇಳಿದರು? ನಾನು ಎಡಗೈಯ ಪಿಸುಮಾತಿಗೋಸ್ಕರ ಕೇಳಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? "ರೊಸಾನಾ"ವನ್ನು ಒಂದು ವಾರದಲ್ಲಿ ಮೂವತ್ತು ಸಲವಾದರೂ ಹಾಕಿರಬೇಕು, ಬಹುಪಾಲು ಮೊದಲ ಅರ್ಧ ನಿಮಿಷ ಮಾತ್ರ. ಆ್ಯಪ್ ನನ್ನನ್ನು ಎಂಬತ್ತರ ದಶಕದ ಪ್ರೇಮಗೀತೆಗಳ ಅಭಿಮಾನಿ ಅಂತ ತೀರ್ಮಾನಿಸಿತು. ಮನೆಯಲ್ಲಿ ಎರಡು ತಿಂಗಳು ಬೇರೆ ಹಾಡೇ ಇಲ್ಲ. ಅಂದಿನಿಂದ ಅಭ್ಯಾಸಕ್ಕೆ ಬೇರೆ ಅಕೌಂಟ್ ಇಟ್ಟುಕೊಂಡಿದ್ದೇನೆ. ಕೆಲವು ಆ್ಯಪ್‌ಗಳಲ್ಲಿ, ಕೇಳಿದ್ದನ್ನು ಲೆಕ್ಕಕ್ಕೆ ಹಿಡಿಯದ ಹಾಗೆ ಮಾಡುವ ಆಯ್ಕೆಯೂ ಇದೆ. ಹುಡುಕುವ ಪೆಟ್ಟಿಗೆಯಲ್ಲಿ ಹಾಡಿನ ಹೆಸರಿನ ಬದಲು ಬೀಟಿನ ಹೆಸರು ಹಾಕಿ ನೋಡಿ: ಹಾಫ್-ಟೈಮ್ ಶಫಲ್, ಸಾಂಬಾ, ಬೋಸಾ ನೋವಾ, ಟ್ರೇನ್ ಬೀಟ್. ಬರುವ ಹಾಡುಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿರುತ್ತವೆ. ನಮಗೆ ಬೇಕಾದದ್ದೂ ಅದೇ.

ಒಂದು ಕಡೆ ಮಾತ್ರ ಹೋಗಬೇಡಿ ಅನ್ನುತ್ತೇನೆ, ಜಗತ್ತಿನ ಶ್ರೇಷ್ಠ ಡ್ರಮ್ಮರ್‌ಗಳ ಪಟ್ಟಿಗೆ. ಅಲ್ಲಿ ಸಿಗುವುದು ಸೋಲೋಗಳು. ಮಿಂಚಿನ ಕೈ, ನಾಲ್ಕು ಕಾಲಿದೆಯೇನೋ ಅನ್ನಿಸುವ ಕಾಲು. ನೋಡಿ ಬೆರಗಾಗುತ್ತೇವೆ, ಆಮೇಲೆ ನಮ್ಮ ಪ್ರಾಕ್ಟೀಸ್ ಪ್ಯಾಡ್ ನೋಡಿದರೆ ಅಳು ಬರುತ್ತದೆ. ನನಗೆ ಎರಡು ವಾರ ಸ್ಟಿಕ್ ಮುಟ್ಟಲು ಮನಸ್ಸಾಗಿರಲಿಲ್ಲ. ಅದಕ್ಕಿಂತ ಯಾವುದಾದರೂ ಸಣ್ಣ ಕಾರ್ಯಕ್ರಮಕ್ಕೆ ಹೋಗಿ, ಡ್ರಮ್ಮರ್‌ನ ಕಾಲು ಕಾಣುವ ಜಾಗ ನೋಡಿ ನಿಂತುಕೊಳ್ಳಿ. ವೇದಿಕೆಯ ಪಕ್ಕ, ಹೈ-ಹ್ಯಾಟ್ ಇರುವ ಬದಿ ಒಳ್ಳೆಯದು. ಎಡಗಾಲು ಸುಮ್ಮನಿರುವುದಿಲ್ಲ ಅಂತ ನನಗೆ ತಿಳಿದದ್ದು ಅಲ್ಲಿ ನಿಂತಾಗಲೇ.

ಕೇಳುವುದೆಲ್ಲ ಪಾಠವಾಗಿಬಿಡುವ ಅಪಾಯವೂ ಇದೆ. ಊಟಕ್ಕೆ ಕೂತಾಗ ಯಾವುದೋ ಹಾಡು ಬಂದರೆ ನಾನು ಕಿಕ್ ಎಣಿಸುತ್ತಿರುತ್ತೇನೆ, ಬೆರಳು ಮೇಜಿನ ಮೇಲೆ. "ಸ್ವಲ್ಪ ಸುಮ್ನೆ ಕೇಳ್ತೀರಾ?" ಅಂತ ಹೆಂಡತಿ ಕೇಳುತ್ತಾಳೆ. ಅವಳು ಹೇಳುವುದು ಸರಿ. ಈಗ ಭಾನುವಾರ ಎಣಿಕೆ ಇಲ್ಲ ಅಂತ ಒಪ್ಪಂದವಾಗಿದೆ. ಬೆರಳಿಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಈ ತಿಂಗಳು ಮೇಷ್ಟ್ರು ರೆಗೆ ಸಂಗೀತಕ್ಕೆ ಕಳಿಸಿದ್ದಾರೆ. ಜಮೈಕಾದ ಒನ್ ಡ್ರಾಪ್ ಅನ್ನುವ ಬೀಟ್. ಬಾಬ್ ಮಾರ್ಲಿ ಜೊತೆ ವೇಲರ್ಸ್ ತಂಡದಲ್ಲಿದ್ದ ಕಾರ್ಲ್ಟನ್ ಬ್ಯಾರೆಟ್ ಅವರನ್ನು ಕೇಳಿ ಅಂದರು. ಅದರಲ್ಲಿ ಒಂದನೇ ಎಣಿಕೆ ಖಾಲಿ. ಕಿಕ್ ಮತ್ತು ಸ್ನೇರ್ ಎರಡೂ ಒಟ್ಟಿಗೆ ಮೂರರಲ್ಲಿ ಬೀಳುತ್ತವೆ. ಇಷ್ಟು ದಿನ ಕಷ್ಟಪಟ್ಟು ಒಂದರಲ್ಲಿ ಕಾಲಿಡಲು ಕಲಿತವನು ಈಗ ಒಂದರಲ್ಲಿ ಕಾಲೆತ್ತಿ ಕೂರಬೇಕು.

"ಒಂದು ಬಿಟ್ಟುಬಿಡಿ ಸರ್," ಅನ್ನುತ್ತಾರೆ ಮೇಷ್ಟ್ರು.

ಬಿಡುತ್ತೇನೆ. ನಾಲ್ಕು ಬಾರ್ ಸರಿಯಾಗಿ ಹೋಗುತ್ತದೆ. ಐದನೆಯದರಲ್ಲಿ, ಒಂದಕ್ಕೆ ಸರಿಯಾಗಿ, ಧೂಂ.